ಎಓ ಪ್ಲೇಟ್ ಅಂತಾರಲ್ಲ, ಅದರ ಹಿಂದಿನ ಪಶುವೈದ್ಯರ ಸಂಘ ಹುಟ್ಟಿದ್ದು ಹೇಗೆ?

ಇಂಟರ್ನ್ ವೆಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಿ.ವಿ.ಎಸ್ಸಿ. ಓದು ಮುಗಿಸಿ ಈಗ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಹೋದ ವಾರ ನಮ್ಮಲ್ಲಿಗೆ ಒಂದು ಬೀದಿನಾಯಿ ಬಂದಿತ್ತು. ಬೈಕ್ ಗುದ್ದಿ ಹಿಂಗಾಲಿನ ತೊಡೆಮೂಳೆ ಎರಡು ತುಂಡಾಗಿತ್ತು. ನಮ್ಮ ಸರ್ ಲೋಹದ ಪ್ಲೇಟ್ ಹಾಕಿದರು. ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಆ ಕಾಲನ್ನು ಮೆಲ್ಲಗೆ ಊರಿಕೊಂಡೇ ನಿಂತು ಮೊಸರನ್ನ ತಿನ್ನುತ್ತಿತ್ತು. ನನಗಂತೂ ನಂಬೋಕೇ ಆಗಲಿಲ್ಲ.

ಆಪರೇಷನ್ ಮಾಡುವಾಗ ಸರ್ ಪದೇ ಪದೇ "ಇದು ಎಓ ಪದ್ಧತಿ, ಮೆಟ್ಟಿಲು ತಪ್ಪಿಸಬಾರದು" ಅಂತ ಹೇಳುತ್ತಿದ್ದರು. ಪಶುವೈದ್ಯರಿಗೆ ಅಂತಲೇ 'ಎಓ ವೆಟ್' ಅನ್ನೋ ಸಂಘ ಇದೆ, ಸ್ವಿಟ್ಜರ್ಲೆಂಡ್‌ನಲ್ಲಿ ಶುರುವಾಯಿತು ಅಂತಲೂ ಹೇಳಿದರು. ಅಷ್ಟರಲ್ಲಿ ಇನ್ನೊಂದು ಕೇಸ್ ಬಂತು, ಮಾತು ಅಲ್ಲಿಗೇ ನಿಂತಿತು. ನಮ್ಮ ಪಠ್ಯದಲ್ಲಿ ಇದರ ಬಗ್ಗೆ ಎರಡು ಸಾಲು ಇದೆ ಅಷ್ಟೇ.

ಈ ಸಂಘವನ್ನು ಯಾರು ಕಟ್ಟಿದರು? ಮನುಷ್ಯರ ಮೂಳೆ ಡಾಕ್ಟರುಗಳ ಸಂಘ ಇದ್ದ ಮೇಲೆ ಪ್ರಾಣಿಗಳಿಗೆ ಬೇರೆ ಯಾಕೆ ಬೇಕಾಯಿತು? ನನ್ನ ರೂಮ್‌ಮೇಟ್ ಎಂ.ಬಿ.ಬಿ.ಎಸ್. ಮಾಡುತ್ತಿದ್ದಾಳೆ. "ನಿಮ್ಮದೆಲ್ಲಾ ನಮ್ಮಿಂದ ಎರವಲು ತಂದದ್ದು" ಅಂತ ಹೇಳುತ್ತಿರುತ್ತಾಳೆ. ಅದು ನಿಜವಾ? ತಿಳಿದವರು ದಯವಿಟ್ಟು ಸ್ವಲ್ಪ ವಿವರವಾಗಿ ಬರೆಯಿರಿ.

ಮಲೆನಾಡಿನ ಹಳೇ ಪಶುವೈದ್ಯ ಬರೆದದ್ದು:

ತಂಗಿ, ಎರವಲಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ರೂಮ್‌ಮೇಟ್‌ಗೆ ಆಟೋ ಸ್ಟೇಡರ್ ಅವರ ಬಗ್ಗೆ ಹೇಳಿ. ಅಮೆರಿಕದ ಪೆನ್ಸಿಲ್ವೇನಿಯಾದ ಆರ್ಡ್‌ಮೋರ್‌ನಲ್ಲಿದ್ದ ಪಶುವೈದ್ಯರು. ನಾಯಿಗೆ ಪ್ಲಾಸ್ಟರ್ ಹಾಕಿದರೆ ಕಚ್ಚಿ ಕಿತ್ತು ಹಾಕುತ್ತದೆ, ಇಲ್ಲವೇ ಒದ್ದೆ ಮಾಡಿಕೊಂಡು ಚರ್ಮ ಕೊಳೆಯುತ್ತದೆ. ಅದಕ್ಕೆ ಅವರು 1930ರ ದಶಕದಲ್ಲಿ ಒಂದು ಉಪಾಯ ಮಾಡಿದರು. ಮುರಿದ ಜಾಗದ ಮೇಲೆ ಎರಡು, ಕೆಳಗೆ ಎರಡು ಪಿನ್ನುಗಳನ್ನು ಮೂಳೆಗೆ ತೂರಿಸಿ, ಅವನ್ನು ಚರ್ಮದ ಹೊರಗೆ ಒಂದು ಸರಳಿನಿಂದ ಬಿಗಿದರು. ಸರಳಿನ ತಿರುಪು ತಿರುಗಿಸಿ ಮೂಳೆಯನ್ನು ನೇರ ಮಾಡಬಹುದಿತ್ತು. ನಾಯಿ ಎದ್ದು ಓಡಾಡುತ್ತಿತ್ತು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಸರ್ಜನ್‌ಗಳು ಅದನ್ನು ನೋಡಿ ಮನುಷ್ಯರಿಗೆ ಹಾಕಲು ಶುರು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಗಾಯಾಳುಗಳಿಗೆ ಅದನ್ನೇ ಬಳಸಿತು. ನಾಯಿಗೆ ಅಂತ ಮಾಡಿದ್ದು ಸೈನಿಕರ ಕಾಲು ಉಳಿಸಿತು. ಎರವಲು ಎರಡೂ ಕಡೆಯಿಂದ ನಡೆದಿದೆ.

ಇನ್ನು ಎಓ ವಿಷಯ, ಅಂದರೆ ಮುರಿದ ಮೂಳೆ ಕೂಡಿಸುವ ಸರ್ಜನ್‌ಗಳ ಸಂಘದ ಕಥೆ. 1950ರ ದಶಕದಲ್ಲಿ ಮನುಷ್ಯರ ತೊಡೆಮೂಳೆ ಮುರಿದರೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ಮೂಳೆ ಹೇಗೋ ಕೂಡುತ್ತಿತ್ತು. ಆದರೆ ಅಷ್ಟರಲ್ಲಿ ಮಂಡಿ ಗಟ್ಟಿಯಾಗಿ ಮಡಚಲು ಬರುತ್ತಿರಲಿಲ್ಲ, ಸ್ನಾಯು ಸೊರಗುತ್ತಿತ್ತು. ಎಷ್ಟೋ ಜನ ಕುಂಟರಾಗಿಯೇ ಉಳಿದರು. ಬ್ರಸೆಲ್ಸ್‌ನ ರಾಬರ್ಟ್ ಡಾನಿಸ್ ಅನ್ನೋ ಸರ್ಜನ್ ಬೇರೆ ದಾರಿ ಹಿಡಿದಿದ್ದರು. ಮುರಿದ ತುದಿಗಳನ್ನು ಪ್ಲೇಟ್‌ನಿಂದ ಒತ್ತಿ ಬಿಗಿದು, ರೋಗಿಯನ್ನು ಬೇಗ ಎಬ್ಬಿಸುತ್ತಿದ್ದರು. ಸ್ವಿಟ್ಜರ್ಲೆಂಡ್‌ನ ಯುವ ಸರ್ಜನ್ ಮಾರಿಸ್ ಮ್ಯುಲ್ಲರ್ 1950ರಲ್ಲಿ ಅವರ ಹತ್ತಿರ ಹೋಗಿ ಕಣ್ಣಾರೆ ನೋಡಿದರು. ಊರಿಗೆ ಬಂದು ಮಾರ್ಟಿನ್ ಆಲ್‌ಗೋವರ್, ಹಾನ್ಸ್ ವಿಲ್ಲೆನೆಗ್ಗರ್, ರಾಬರ್ಟ್ ಶ್ನೈಡರ್, ವಾಲ್ಟರ್ ಬಾಂಡಿ ಮುಂತಾದ ಗೆಳೆಯರನ್ನು ಒಟ್ಟು ಮಾಡಿದರು. 1958ರ ನವೆಂಬರ್ 6ರಂದು ಬೀಲ್ ಊರಿನ ಹೋಟೆಲ್ ಎಲೀಟ್‌ನಲ್ಲಿ ಹದಿಮೂರು ಜನ ಸೇರಿ ಎಓ ಶುರು ಮಾಡಿದರು.

ಕೇವಲ ಸರ್ಜನ್‌ಗಳಿಂದ ಇದು ಆಗುತ್ತಿರಲಿಲ್ಲ. ಬೆಟ್ಲಾಖ್ ಅನ್ನೋ ಊರಲ್ಲಿ ರಾಬರ್ಟ್ ಮಾಥಿಸ್ ಅವರ ವರ್ಕ್‌ಶಾಪ್ ಇತ್ತು. ಮ್ಯುಲ್ಲರ್ ಹೇಳಿದಂತೆ ಸ್ಕ್ರೂ, ಪ್ಲೇಟ್, ಡ್ರಿಲ್ ಎಲ್ಲಾ ಅಲ್ಲಿ ತಯಾರಾದವು. ಆದರೆ ಲೋಹ ಚೆನ್ನಾಗಿಲ್ಲದಿದ್ದರೆ ದೇಹದೊಳಗೆ ತುಕ್ಕು ಹಿಡಿಯುತ್ತದೆ, ಮುರಿಯುತ್ತದೆ. ಅದಕ್ಕೆ ವಾಲ್ಡನ್‌ಬುರ್ಗ್‌ನ ಸ್ಟ್ರೌಮನ್ ಇನ್‌ಸ್ಟಿಟ್ಯೂಟ್ ಬಂತು. ಅವರು ಕೈಗಡಿಯಾರದ ಸ್ಪ್ರಿಂಗ್‌ಗೆ ಬೇಕಾದ ಮಿಶ್ರಲೋಹದಲ್ಲಿ ಪಳಗಿದವರು. ವಾಲ್ಡನ್‌ಬುರ್ಗ್ ಹೆಸರನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಪ್ರಶ್ನೆಯ ಉತ್ತರ ಅಲ್ಲೇ ಇದೆ.

1959ರಲ್ಲಿ ದಾವೋಸ್‌ನಲ್ಲಿ ಪ್ರಯೋಗಾಲಯ ಶುರುವಾಯಿತು. 1960ರ ಡಿಸೆಂಬರ್‌ನಲ್ಲಿ ಅಲ್ಲೇ ಮೊದಲ ತರಬೇತಿ ಶಿಬಿರ ನಡೆಯಿತು. ಆ ಪ್ರಯೋಗಾಲಯದಲ್ಲಿ ಕುರಿಗಳಿಗೆ ಪ್ಲೇಟ್ ಹಾಕಿ, ಒತ್ತಡ ಎಷ್ಟು ದಿನ ಉಳಿಯುತ್ತದೆ, ಮೂಳೆ ಒತ್ತಡಕ್ಕೆ ಕರಗಿಹೋಗುತ್ತದಾ ಇಲ್ಲವಾ ಅಂತ ಅಳೆದರು. ಸ್ಟೆಫಾನ್ ಪೆರೆನ್ ಮತ್ತು ಜೊತೆಗಾರರು 1969ರಲ್ಲಿ ಪ್ರಕಟಿಸಿದ ಫಲಿತಾಂಶ ಅದು. ಒತ್ತಡ ನಿಧಾನವಾಗಿ ಇಳಿಯುತ್ತದೆ, ಮೂಳೆ ಕರಗುವುದಿಲ್ಲ ಅಂತ ಗೊತ್ತಾಯಿತು. ನಿಮ್ಮ ಸರ್ ಹಾಕಿದ್ದು ಡಿಸಿಪಿ ಪ್ಲೇಟ್ (ಸ್ಕ್ರೂ ಬಿಗಿದಂತೆ ಮುರಿದ ತುದಿಗಳನ್ನು ಒತ್ತಿ ಕೂಡಿಸುವಂಥದು) ಆಗಿದ್ದರೆ, ಅದೂ ಆ ವರ್ಷದ್ದೇ. ಮನುಷ್ಯರಿಗೆ ಹಾಕುವ ಪ್ಲೇಟ್‌ನ ಲೆಕ್ಕಾಚಾರ ಕುರಿಯ ಕಾಲಿನಿಂದ ಬಂದದ್ದು.

ಆ ಪ್ಲೇಟ್‌ನ ತೂತನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ದುಂಡಗಿರುವುದಿಲ್ಲ, ಉದ್ದುದ್ದ ಇರುತ್ತದೆ. ಒಂದು ತುದಿಯಲ್ಲಿ ಒಳಗಡೆ ಇಳಿಜಾರು ಇದೆ. ಸ್ಕ್ರೂವನ್ನು ಮುರಿತದಿಂದ ದೂರದ ತುದಿಯಲ್ಲಿ ಕೂರಿಸಿ ಬಿಗಿದರೆ, ಅದರ ತಲೆ ಇಳಿಜಾರಿನಲ್ಲಿ ಜಾರುತ್ತದೆ. ಜಾರುವಾಗ ಮೂಳೆಯನ್ನೂ ಎಳೆದುಕೊಂಡು ಬರುತ್ತದೆ. ಹಳದಿ ಗೈಡ್ (ಡ್ರಿಲ್ ಬಿಟ್ ತೂರಿಸುವ ಕೊಳವೆ) ಇಟ್ಟು ಡ್ರಿಲ್ ಮಾಡಿದರೆ ಒಂದು ಮಿಲಿಮೀಟರ್ ಸರಿಯುತ್ತದೆ. ಹಸಿರು ಗೈಡ್ ಇಟ್ಟರೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಆ ಒಂದು ಮಿಲಿಮೀಟರಿನಲ್ಲಿ ಬಿರುಕು ಮುಚ್ಚಿಹೋಗುವುದನ್ನು ಕಣ್ಣಿಂದ ನೋಡಬಹುದು. ಇಷ್ಟು ವರ್ಷ ಆದರೂ ನನಗೆ ಅದನ್ನು ನೋಡುವ ಖುಷಿ ಕಡಿಮೆಯಾಗಿಲ್ಲ.

ಈಗ ಪಶುವೈದ್ಯರ ಕಥೆ. ಸ್ವಿಟ್ಜರ್ಲೆಂಡ್‌ನಲ್ಲಿ ಇದರ ಬೇರು ಎಓಗಿಂತ ಹಳೆಯದು. ಜರ್ಮನಿಯ ಕ್ಯುಂಟ್ಷರ್ 1940ರಲ್ಲಿ ಮೂಳೆಯ ಮಜ್ಜೆಯೊಳಗೆ ಉದ್ದ ಮೊಳೆ ಹೊಡೆಯುವ ವಿಧಾನ ತೋರಿಸಿದ್ದರು. 1946ರ ಹೊತ್ತಿಗೇ ಜ್ಯೂರಿಕ್‌ನಲ್ಲಿ ಜಾಕ್ ಯೆನ್ನಿ ಮತ್ತು ಜೊತೆಯವರು ನಾಯಿಗಳ ತೊಡೆಮೂಳೆಗೆ ಅದನ್ನು ಮಾಡಿ, ವರದಿ ಬರೆದಿದ್ದರು. ನಾವು ಈಗಲೂ ಹಾಕುವ ಸ್ಟೈನ್‌ಮನ್ ಪಿನ್ ಕೂಡ ಬರ್ನ್ ಊರಿನ ಫ್ರಿಟ್ಸ್ ಸ್ಟೈನ್‌ಮನ್ ಅವರ ಹೆಸರಿನದು. ಆದರೆ ಪಿನ್ನಿಗೆ ಒಂದು ಮಿತಿ ಇದೆ. ಮೂಳೆ ಬಾಗದಂತೆ ತಡೆಯುತ್ತದೆ, ತಿರುಗದಂತೆ ತಡೆಯುವುದಿಲ್ಲ. ನಾಯಿಗೆ "ಆರು ವಾರ ಮಲಗು" ಅಂದರೆ ಕೇಳುತ್ತದಾ? ಅದು ಅರಿವಳಿಕೆ ಇಳಿದ ಕೂಡಲೇ ಎದ್ದು ನಡೆಯುತ್ತದೆ. ಹಸು, ಕುದುರೆ ಅಂತೂ ಎದ್ದು ನಿಲ್ಲದಿದ್ದರೆ ಬದುಕುವುದೇ ಕಷ್ಟ. ಹಾಗಾಗಿ ಬೇಗ ಎದ್ದು ನಡೆಯುವಂತೆ ಬಿಗಿಯಾಗಿ ಕೂರಿಸಬೇಕು ಅನ್ನೋ ಎಓ ವಿಚಾರ ಮನುಷ್ಯರಿಗಿಂತ ಪ್ರಾಣಿಗಳಿಗೇ ಜಾಸ್ತಿ ಒಪ್ಪುತ್ತದೆ ಅಂತ ನಾನು ನಂಬಿದ್ದೇನೆ.

1969ರಲ್ಲಿ, ಅದೇ ವಾಲ್ಡನ್‌ಬುರ್ಗ್‌ನಲ್ಲಿ, ಎಓ ವೆಟ್ ಹುಟ್ಟಿತು. ಮೊದಲ ದಿನಗಳಿಂದ ಅದಕ್ಕೆ ದುಡಿದವರಲ್ಲಿ ಜರ್ಮನಿಯ ಲೋರಾಖ್‌ನಲ್ಲಿ ಸಣ್ಣ ಪ್ರಾಣಿಗಳ ಚಿಕಿತ್ಸೆ ಮಾಡುತ್ತಿದ್ದ ಫೆರೆಂಕ್ ಕಾಸಾ ಇದ್ದರು, ಕುದುರೆ ಸರ್ಜನ್ ಬ್ಯೋರ್ನ್ ಫಾನ್ ಸಾಲಿಸ್ ಇದ್ದರು. ಇನ್ನೊಬ್ಬರನ್ನು ಬಿಟ್ಟರೆ ಅನ್ಯಾಯ. ಸ್ಟ್ರೌಮನ್ ಇನ್‌ಸ್ಟಿಟ್ಯೂಟ್‌ನ ಲೋಹತಜ್ಞೆ ಓರ್ಟ್ರೂನ್ ಪೋಲರ್. ಅವರು ಪಶುವೈದ್ಯೆ ಅಲ್ಲ, ಮನುಷ್ಯರ ವೈದ್ಯೆಯೂ ಅಲ್ಲ. ಮುರಿದು ಹೊರಬಂದ ಪ್ಲೇಟ್, ಸ್ಕ್ರೂಗಳನ್ನು ಪರೀಕ್ಷಿಸಿ ಯಾಕೆ ಮುರಿಯಿತು ಅಂತ ಹೇಳುವ ಕೆಲಸದಲ್ಲಿ ಅವರು ದೊಡ್ಡ ಹೆಸರು. ಪಶುವೈದ್ಯರ ಗುಂಪನ್ನು ಒಟ್ಟಿಗೆ ಹಿಡಿದವರಲ್ಲಿ ಅವರೂ ಒಬ್ಬರು. ಒಂದೇ ಮೂಳೆಗೆ ಎರಡು ಬೇರೆ ಲೋಹದ ಪ್ಲೇಟ್, ಸ್ಕ್ರೂ ಬೆರೆಸಬೇಡಿ ಅಂತ ನಿಮ್ಮ ಸರ್ ಹೇಳಿರುತ್ತಾರೆ. ಆ ಮಾತಿನ ಹಿಂದೆ ಇಂಥ ಲೋಹತಜ್ಞರ ಕೆಲಸ ಇದೆ.

ಮಾರನೇ ವರ್ಷ, 1970ರಲ್ಲಿ, ಅಮೆರಿಕದ ಕೊಲಂಬಸ್‌ನಲ್ಲಿ ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಬ್ರೂಸ್ ಹೋನ್ ಅಲ್ಲಿಯ ಮೊದಲ ಎಓ ವೆಟ್ ಶಿಬಿರ ನಡೆಸಿದರು. ಮಿಶಿಗನ್ ಸ್ಟೇಟ್‌ನ ವೇಡ್ ಬ್ರಿಂಕರ್ ಕೂಡ ಈ ವಿದ್ಯೆಯನ್ನು ಎಷ್ಟೋ ಪಶುವೈದ್ಯರಿಗೆ ಕಲಿಸಿದರು. ಶಿಬಿರದಲ್ಲಿ ಭಾಷಣ ಕೇಳಿ ಎದ್ದುಹೋಗುವಂತಿರಲಿಲ್ಲ. ಕೈಗೆ ಮೂಳೆ ಕೊಟ್ಟು, ಡ್ರಿಲ್ ಕೊಟ್ಟು, ಪಕ್ಕದಲ್ಲೇ ನಿಂತು ಮಾಡಿಸುತ್ತಿದ್ದರು. ನನಗೂ ಇದು ಸಿಕ್ಕಿದ್ದು ಅಂಥದೇ ಒಂದು ಕಾರ್ಯಾಗಾರದಲ್ಲಿ, ಒಣಮೂಳೆಯ ಮೇಲೆ. ಅಲ್ಲಿಯವರೆಗೆ ನಮ್ಮ ಕಡೆ ಕರುವಿನ ಕಾಲು ಮುರಿದರೆ ಬಿದಿರು ದಬ್ಬೆ, ಹತ್ತಿ, ಬಟ್ಟೆಪಟ್ಟಿ. ದಬ್ಬೆ ಕೀಳು ಅಂತ ನಾನು ಹೇಳುವುದಿಲ್ಲ. ಮೊಣಕಾಲಿನ ಕೆಳಗೆ ಎಳೇ ಕರುವಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತೊಡೆಮೂಳೆಗೆ ಮಾತ್ರ ಆಗುವುದಿಲ್ಲ, ಮೇಲಿನ ಕೀಲನ್ನು ಹಿಡಿಯಲು ಜಾಗವೇ ಇರುವುದಿಲ್ಲ.

ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಪ್ಲೇಟ್ ಅಲ್ಲ, ಅವರು ಇಟ್ಟ ಲೆಕ್ಕ. ಎಓ ಶುರುವಾದಾಗಿನಿಂದ ಪ್ರತಿ ಆಪರೇಷನ್ನಿನ ವಿವರ ಒಂದೇ ಕಡೆ ಸೇರಬೇಕು ಅಂತ ನಿಯಮ ಮಾಡಿಕೊಂಡರು. ಮಾಡುವ ಮೊದಲಿನ ಎಕ್ಸ್‌ರೇ, ಮಾಡಿದ ಮೇಲಿನದು, ನಾಲ್ಕು ತಿಂಗಳಿನದು, ವರ್ಷದ್ದು. ಎಲ್ಲವೂ ಪಂಚ್ ಕಾರ್ಡಿಗೆ ಹೋಗುತ್ತಿತ್ತು. ಚೆನ್ನಾಗಿ ಆದದ್ದನ್ನು ಮಾತ್ರ ಕಳಿಸುವ ಹಾಗಿರಲಿಲ್ಲ. ಪ್ಲೇಟ್, ಸ್ಕ್ರೂ ಮಾರಾಟದಿಂದ ಬಂದ ಹಕ್ಕಿನ ಹಣವನ್ನೂ ಸ್ಥಾಪಕರು ತಮ್ಮ ಜೇಬಿಗೆ ಹಾಕಿಕೊಳ್ಳಲಿಲ್ಲ. 1960ರಲ್ಲಿ ಸಿಂಥೆಸ್ ಅನ್ನೋ ಸಂಸ್ಥೆ ಮಾಡಿ, ಅದರ ಮೂಲಕ ಸಂಶೋಧನೆಗೂ ತರಬೇತಿಗೂ ಹಾಕಿದರು. ಎಓ ವೆಟ್ ಬೆಳೆದದ್ದು ಈ ಶಿಸ್ತಿನ ನೆರಳಿನಲ್ಲೇ.

ಲ್ಯಾಬ್ರಡಾರ್ ಮನೆಯವರು ಬರೆದದ್ದು:

ಡಾಕ್ಟ್ರೇ, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ಧಾರವಾಡದಲ್ಲಿ ನಾಯಿ ಸಾಕಿರುವವನು. ಮರಿ ತರುವಾಗ "ತಾಯಿಗೆ ಓಎಫ್‌ಎ ಸರ್ಟಿಫಿಕೇಟ್ ಇದೆ" ಅಂತ ಹೇಳಿದ್ದರು. ಅದೂ ಈ ಎಓ ಕಡೆಯದೇನಾ?

ಮಲೆನಾಡಿನ ಹಳೇ ಪಶುವೈದ್ಯ:

ಅಲ್ಲ ಸ್ವಾಮಿ, ಅದು ಬೇರೆ. ಎಓ ವೆಟ್ ಮುರಿದದ್ದನ್ನು ಕೂಡಿಸುವವರ ಸಂಘ. ಓಎಫ್‌ಎ ವಂಶದಲ್ಲಿ ಬರುವ ಸೊಂಟದ ಕೀಲಿನ ತೊಂದರೆ, ಅಂದರೆ ಹಿಪ್ ಡಿಸ್‌ಪ್ಲೇಸಿಯಾ, ತಳಿಯಲ್ಲಿ ಮುಂದುವರಿಯದಂತೆ ನೋಡಿಕೊಳ್ಳಲು ಅಮೆರಿಕದಲ್ಲಿ 1966ರಲ್ಲಿ ಮಾಡಿದ್ದು. ನಾಯಿಗಳಲ್ಲಿ ಈ ತೊಂದರೆಯನ್ನು 1935ರಲ್ಲಿ ಮೊದಲು ವಿವರಿಸಿದವರು ಬಾಸ್ಟನ್ನಿನ ಶ್ನೆಲ್ ಅನ್ನೋ ಪಶುವೈದ್ಯರು. ಜಾನ್ ಓಲಿನ್ ಅಂತ ವಿಂಚೆಸ್ಟರ್ ಬಂದೂಕು ಕಂಪನಿಯ ಯಜಮಾನರಿದ್ದರು, ಬೇಟೆನಾಯಿಗಳೆಂದರೆ ಅವರಿಗೆ ಪ್ರಾಣ. ತಮ್ಮ ನಾಯಿಗೇ ಈ ತೊಂದರೆ ಬಂದಾಗ ಅವರು ಮುಂದೆ ಬಂದು ಈ ಸಂಸ್ಥೆ ಕಟ್ಟಿಸಿದರು.

ನಾಯಿಗೆ 24 ತಿಂಗಳು ತುಂಬಿದ ಮೇಲೆ ಸೊಂಟದ ಎಕ್ಸ್‌ರೇ ತೆಗೆದು ಕಳಿಸಬೇಕು. ಮೂವರು ರೇಡಿಯಾಲಜಿಸ್ಟ್‌ಗಳು ಬೇರೆ ಬೇರೆಯಾಗಿ ನೋಡಿ ಏಳು ದರ್ಜೆಯಲ್ಲಿ ಒಂದನ್ನು ಕೊಡುತ್ತಾರೆ. ತಾಯಿಯ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದೇ, ಜೊತೆಗೆ ತಂದೆಯದ್ದೂ ಕೇಳಿ. ಮರಿಯನ್ನು ಬೆಳೆಯುವ ವಯಸ್ಸಿನಲ್ಲಿ ದಪ್ಪ ಮಾಡಬೇಡಿ. ಸೊಂಟಕ್ಕೆ ಅದೇ ದೊಡ್ಡ ಶತ್ರು.

ಲಾಯದ ಕೆಲಸಗಾರ, ಮೈಸೂರು:

ನಾನು ರೇಸ್ ಕುದುರೆಗಳ ಲಾಯದಲ್ಲಿ ಕೆಲಸ ಮಾಡಿದವನು ಸರ್. ನಾಯಿಗೆ ಪ್ಲೇಟ್ ಹಾಕಿದರೆ ಮಾರನೇ ದಿನ ನಡೆಯುತ್ತದೆ ಅಂತೀರಿ. ಕುದುರೆಗೆ ಕಾಲು ಮುರಿದರೆ ಇವತ್ತಿಗೂ ಇಂಜೆಕ್ಷನ್ ಕೊಟ್ಟು ಕಳಿಸಿಬಿಡುತ್ತಾರೆ. ಕಣ್ಣೆದುರು ನೋಡಿದ್ದೇನೆ, ಆ ದಿನ ಊಟ ಸೇರುವುದಿಲ್ಲ. ಇಷ್ಟೆಲ್ಲಾ ಸಂಘ, ಶಿಬಿರ ಇದ್ದೂ ಕುದುರೆಗೆ ಯಾಕೆ ಆಗಲಿಲ್ಲ?

ಮಲೆನಾಡಿನ ಹಳೇ ಪಶುವೈದ್ಯ:

ನಿಮ್ಮ ಸಂಕಟ ಅರ್ಥವಾಗುತ್ತದೆ. ಮೊದಲನೇ ಕಾರಣ ತೂಕ. ನಾನೂರೈವತ್ತು, ಐನೂರು ಕಿಲೋ ಮೈ, ಕೆಳಗೆ ಬರೀ ಚರ್ಮ, ನರ, ಮೂಳೆ ಇರುವ ತೆಳ್ಳನೆ ಕಾಲು. ಎರಡನೇದು, ಎಚ್ಚರವಾಗುವ ಹೊತ್ತು. 1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕ್‌ನಲ್ಲಿ ರಫಿಯನ್ ಅನ್ನೋ ಹೆಣ್ಣು ಕುದುರೆ ಓಟದ ನಡುವೆ ಮುಂಗಾಲು ಮುರಿದುಕೊಂಡಿತು. ಅಲ್ಲಿಯವರೆಗೆ ಓಡಿದ ಹತ್ತೂ ಓಟ ಗೆದ್ದ ಕುದುರೆ. ಆಪರೇಷನ್ ಮಾಡಿದರು. ಅರಿವಳಿಕೆ ಇಳಿಯುತ್ತಿದ್ದಂತೆ ಅದು ಇನ್ನೂ ಓಡುತ್ತಲೇ ಇರುವ ಹಾಗೆ ಮಲಗಿದಲ್ಲೇ ಕಾಲು ಬಡಿಯಿತು. ಮಾಡಿದ್ದೆಲ್ಲಾ ಒಡೆದುಹೋಯಿತು. ಮಾರನೇ ದಿನ ನಸುಕಿನಲ್ಲೇ ಅದನ್ನು ಚಿರನಿದ್ರೆಗೆ ಕಳಿಸಬೇಕಾಯಿತು.

ಮೇಲೆ ಹೇಳಿದ ಜಾಕ್ ಯೆನ್ನಿ ಅಷ್ಟರಲ್ಲಿ ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಸೆಂಟರ್‌ನಲ್ಲಿ ಕುದುರೆ ಮೂಳೆ ಚಿಕಿತ್ಸೆಗೆ ಅಡಿಪಾಯ ಹಾಕಿದ್ದರು. ಇದೇ ಸಮಸ್ಯೆಗೆ ಅವರು ಒಂದು ದಾರಿ ಯೋಚಿಸಿದ್ದರು. ಆಪರೇಷನ್ ಆದ ಕುದುರೆಯನ್ನು ಜೋಲಿಯಲ್ಲಿ ಎತ್ತಿ, ನಾಲ್ಕು ಕಾಲಿಗೂ ಚೀಲ ಇರುವ ರಬ್ಬರ್ ತೆಪ್ಪದೊಳಗೆ ಇಳಿಸಿ, ಬೆಚ್ಚನೆ ನೀರಿನ ಕೊಳದಲ್ಲಿ ತೇಲಿಸುವುದು. ಎಚ್ಚರವಾಗಿ ಎಷ್ಟು ಒದ್ದರೂ ನೀರಿಗೇ ಒದೆತ. ಪೂರ್ತಿ ಎಚ್ಚರವಾದ ಮೇಲೆ ಎತ್ತಿ ಲಾಯಕ್ಕೆ ಒಯ್ಯುವುದು. ಯೆನ್ನಿ 1971ರಲ್ಲಿ ತೀರಿಕೊಂಡರು. ಆ ಕೊಳದ ಕಟ್ಟಡ ತೆರೆದದ್ದು 1975ರಲ್ಲಿ, ರಫಿಯನ್ ಸತ್ತ ವರ್ಷವೇ. ಇದನ್ನು ಓದಿದಾಗಲೆಲ್ಲಾ ನನಗೆ ಹೊಟ್ಟೆ ಕಿವುಚುತ್ತದೆ.

ಕೊಳ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಬಾರ್ಬಾರೋ ಸಾಕ್ಷಿ. 2006ರ ಕೆಂಟುಕಿ ಡರ್ಬಿ ಗೆದ್ದ ಗಂಡು ಕುದುರೆ. ಎರಡೇ ವಾರದಲ್ಲಿ, ಮೇ 20ರಂದು, ಪಿಮ್ಲಿಕೋ ಓಟದಲ್ಲಿ ಬಲ ಹಿಂಗಾಲು ಚೂರುಚೂರಾಯಿತು. ನ್ಯೂ ಬೋಲ್ಟನ್‌ನಲ್ಲಿ ಡೀನ್ ರಿಚರ್ಡ್‌ಸನ್ ಲಾಕಿಂಗ್ ಪ್ಲೇಟ್ (ಸ್ಕ್ರೂವಿನ ತಲೆ ಪ್ಲೇಟ್‌ಗೇ ಕಚ್ಚಿಕೊಳ್ಳುವಂಥದು) ಮತ್ತು 27 ಸ್ಕ್ರೂ ಹಾಕಿ ಕೂಡಿಸಿದರು. ಕೊಳದಿಂದ ಸುರಕ್ಷಿತವಾಗಿ ಹೊರಬಂತು. ಆದರೆ ನೋವಿನ ಕಾಲನ್ನು ಎತ್ತಿ ಹಿಡಿದು ಇನ್ನೊಂದು ಕಾಲಿನ ಮೇಲೆ ಭಾರ ಹಾಕಿದ್ದರಿಂದ ಎಡ ಹಿಂಗಾಲಿನ ಗೊರಸಿನೊಳಗೆ ಉರಿಯೂತ ಬಂತು. ಲ್ಯಾಮಿನೈಟಿಸ್, ನಿಮಗೆ ಗೊತ್ತೇ ಇದೆ. ಕೊನೆಗೆ ಮುಂಗಾಲುಗಳಿಗೂ ಬಂತು. 2007ರ ಜನವರಿ 29ರಂದು ಅದೂ ಹೋಯಿತು. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟು: ಮೂಳೆ ಕೂಡಿಸುವುದನ್ನು ಬಹಳ ಮಟ್ಟಿಗೆ ಕಲಿತಾಗಿದೆ. ಉಳಿದ ಮೂರು ಕಾಲುಗಳನ್ನು ಕಾಪಾಡುವುದು ಇನ್ನೂ ಪೂರ್ತಿ ಕೈಗೆ ಬಂದಿಲ್ಲ.

ಇಂಟರ್ನ್ ವೆಟ್:

ಸರ್, ಇಷ್ಟು ಬರೆದದ್ದಕ್ಕೆ ತುಂಬಾ ತುಂಬಾ ಥ್ಯಾಂಕ್ಸ್. ಸ್ಟೇಡರ್ ಕಥೆಯನ್ನು ರೂಮ್‌ಮೇಟ್‌ಗೆ ಓದಿ ಹೇಳಿದೆ. ಈಗ ಅವಳೇ ಬೆಲ್‌ವ್ಯೂ ಬಗ್ಗೆ ಹುಡುಕುತ್ತಾ ಕೂತಿದ್ದಾಳೆ! ಎರಡು ಪ್ರಶ್ನೆ ಉಳಿದಿದೆ. ನಮ್ಮಂಥವರು ಶಿಬಿರಕ್ಕೆ ಹೋಗುವ ಮೊದಲು ಕೈ ಪಳಗಿಸಿಕೊಳ್ಳುವುದು ಹೇಗೆ? ಮತ್ತೆ ಬೀದಿನಾಯಿಗೆ ನಾಲ್ಕು ತಿಂಗಳ ಎಕ್ಸ್‌ರೇ ಅಂದರೆ ಅದನ್ನು ಎಲ್ಲಿ ಹುಡುಕಿ ತರೋದು?

ಮಲೆನಾಡಿನ ಹಳೇ ಪಶುವೈದ್ಯ:

ಮಟನ್ ಅಂಗಡಿಯಲ್ಲಿ ಆಡಿನ ಕಾಲು ಕೇಳಿ, ಮೂಳೆ ಕತ್ತರಿಸದೆ ಕೊಡಿ ಅನ್ನಿ. ಮಾಂಸ ಬಿಡಿಸಿ, ನಡುವೆ ಗರಗಸದಲ್ಲಿ ಅಡ್ಡ ಕೊಯ್ಯಿರಿ. ಕಾಲೇಜಿನಲ್ಲಿ ಹಳೆಯ 3.5 ಮಿಲಿಮೀಟರ್ ಸೆಟ್ ಇದ್ದರೆ ಕೇಳಿ ತೆಗೆದುಕೊಳ್ಳಿ. 2.5ರ ಬಿಟ್‌ನಲ್ಲಿ ಡ್ರಿಲ್, ಆಳ ಅಳೆಯುವುದು, 3.5ರ ಟ್ಯಾಪ್‌ನಿಂದ ಸ್ಕ್ರೂವಿನ ಸುರುಳಿ ಕೊರೆಯುವುದು, ಆಮೇಲೆ ಸ್ಕ್ರೂ. ಈ ಕ್ರಮ ಬಾಯಿಪಾಠ ಆಗಬಾರದು, ಕೈಪಾಠ ಆಗಬೇಕು. ಡ್ರಿಲ್ ಮಾಡುವಾಗ ಜೊತೆಯವರು ಸಲೈನ್ ಹನಿಸುತ್ತಿರಲಿ. ಬಿಟ್ ಕಾದರೆ ಸುತ್ತಲಿನ ಮೂಳೆ ಸಾಯುತ್ತದೆ, ಆಮೇಲೆ ಸ್ಕ್ರೂ ಸಡಿಲವಾಗುತ್ತದೆ. ಸತ್ತ ಮೂಳೆಯ ಮೇಲೆ ಕಲಿಯುವಾಗಲೇ ಈ ಅಭ್ಯಾಸ ಬರಲಿ.

ಬೀದಿನಾಯಿ ವಿಷಯ ಅಷ್ಟು ಕಷ್ಟ ಏನಿಲ್ಲ. ಅದನ್ನು ಆಸ್ಪತ್ರೆಗೆ ತಂದವರು ಯಾರೋ ಇದ್ದಾರಲ್ಲ, ದಿನಾ ಊಟ ಹಾಕುವವರೂ ಇರುತ್ತಾರೆ. ಅವರ ನಂಬರ್ ಕೇಸ್ ಶೀಟ್‌ನಲ್ಲಿ ಬರೆದಿಡಿ. ಆರರಿಂದ ಎಂಟು ವಾರದ ಒಳಗೆ ನೀವೇ ಫೋನ್ ಮಾಡಿ, ಅವರು ಮಾಡಲಿ ಅಂತ ಕಾಯಬೇಡಿ. ಎಕ್ಸ್‌ರೇ ಎರಡು ಕೋನದಿಂದ ತೆಗೆಯಿರಿ, ಒಂದೇ ಕೋನದಲ್ಲಿ ಎಲ್ಲವೂ ಸರಿಯಿದ್ದ ಹಾಗೆ ಕಾಣುತ್ತದೆ. ತೆಗೆದ ಮೇಲೆ ಇಲ್ಲಿ ಹಾಕಿ. ಮುರಿತದ ಮೇಲೆ ಎಷ್ಟು ಸ್ಕ್ರೂ, ಕೆಳಗೆ ಎಷ್ಟು ಅಂತಲೂ ಬರೆಯಿರಿ. ಎರಡೂ ಕಡೆ ಕನಿಷ್ಠ ಮೂರು ಇರಬೇಕು, ಎಣಿಸಿ ನೋಡಿ.